ಅಧಿಸೂಚನೆಗೆ ಮೊದಲು ಒಪ್ಪಂದ: ಅಂತಾರಾಷ್ಟ್ರೀಯ ಕರಾರುಗಳನ್ನು ವರ್ತಕರು ಓದಬೇಕಾದ ಬಗೆ

ಸರ್ಕಾರದ ಅಧಿಸೂಚನೆಯೊಂದು ಹೊರಬಿದ್ದ ಮರುದಿನ ನಮ್ಮ ವರ್ತಕ ವಲಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಮುನ್ಸೂಚನೆಯನ್ನೇ ಕೊಡದೆ ಹೀಗೆ ಮಾಡಿಬಿಟ್ಟರು." ಆಮದು ಸುಂಕ ಇಳಿದರೂ, ರಫ್ತಿನ ಪ್ರೋತ್ಸಾಹಧನ ನಿಂತುಹೋದರೂ, ಹೊಸದೊಂದು ಪ್ರಮಾಣಪತ್ರ ಕಡ್ಡಾಯವಾದರೂ ಇದೇ ಮಾತು. ಆದರೆ ಕಳೆದ ಮೂರು ದಶಕಗಳ ದೊಡ್ಡ ಬದಲಾವಣೆಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಬೇರೆಯೇ ಚಿತ್ರ ಕಾಣಿಸುತ್ತದೆ. ಬಹುಪಾಲು ಬದಲಾವಣೆಗಳ ಮೂಲ, ಅವು ಜಾರಿಗೆ ಬರುವ ಐದು, ಹತ್ತು, ಕೆಲವೊಮ್ಮೆ ಇಪ್ಪತ್ತು ವರ್ಷಗಳ ಮುಂಚೆಯೇ ಯಾವುದೋ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಅಚ್ಚಾಗಿ ಕುಳಿತಿತ್ತು. ಯುದ್ಧ ಅಥವಾ ಯುದ್ಧಸದೃಶ ಸನ್ನಿವೇಶ ಒದಗಿದಾಗ ಮಾತ್ರ ಈ ಕಾಲಾವಕಾಶ ದೊರೆಯುವುದಿಲ್ಲ. ಈ ವ್ಯತ್ಯಾಸವನ್ನು ಅರಿತವನಿಗೆ ಸಿದ್ಧತೆಗೆ ಸಮಯ ಸಿಗುತ್ತದೆ. ಅರಿಯದವನು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವನಾಗುತ್ತಾನೆ. ಈ ವಿಷಯವನ್ನು ಉದಾಹರಣೆಗಳ ಸಹಿತ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಪ್ಪಂದಗಳು ಹುಟ್ಟಿದ ಹಿನ್ನೆಲೆ

ಇಂದಿನ ವ್ಯಾಪಾರ ನಿಯಮಗಳು ಯುದ್ಧದ ನೆನಪಿನಲ್ಲಿ ರೂಪುಗೊಂಡವು. 1929ರ ಆರ್ಥಿಕ ಕುಸಿತದ ನಂತರ, 1930ರಲ್ಲಿ ಅಮೆರಿಕವು ಸ್ಮೂಟ್-ಹಾಲೆ ಕಾಯಿದೆಯ ಮೂಲಕ ಆಮದು ಸುಂಕಗಳನ್ನು ಏರಿಸಿತು. ಇತರ ದೇಶಗಳೂ ಪ್ರತೀಕಾರವಾಗಿ ತಮ್ಮ ಗೋಡೆಗಳನ್ನು ಎತ್ತರಿಸಿದವು. ವ್ಯಾಪಾರ ಕುಗ್ಗಿತು, ನಿರುದ್ಯೋಗ ಹೆಚ್ಚಿತು. ಎರಡನೆಯ ಮಹಾಯುದ್ಧಕ್ಕೆ ಕಾರಣಗಳು ಅನೇಕ. ಆದರೆ ಈ ಸುಂಕ ಸಮರವೂ ರಾಷ್ಟ್ರಗಳ ನಡುವಣ ದ್ವೇಷಕ್ಕೆ ತುಪ್ಪ ಸುರಿಯಿತೆಂಬುದು ಯುದ್ಧಾನಂತರದ ವ್ಯವಸ್ಥೆಯನ್ನು ಯೋಜಿಸಿದವರ ಅಭಿಪ್ರಾಯವಾಗಿತ್ತು.

ಯುದ್ಧ ಇನ್ನೂ ಮುಗಿಯದಿದ್ದಾಗಲೇ, 1944ರ ಜುಲೈನಲ್ಲಿ, ಬ್ರೆಟನ್‌ವುಡ್ಸ್‌ನಲ್ಲಿ 44 ರಾಷ್ಟ್ರಗಳು ಸೇರಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕಿಗೆ ಅಡಿಪಾಯ ಹಾಕಿದವು. 1947ರ ಅಕ್ಟೋಬರ್ 30ರಂದು ಜಿನೀವಾದಲ್ಲಿ 23 ದೇಶಗಳು ಗ್ಯಾಟ್ ಒಪ್ಪಂದಕ್ಕೆ ಸಹಿ ಹಾಕಿದವು. ಸ್ವಾತಂತ್ರ್ಯ ಪಡೆದು ಕೇವಲ ಎರಡೂವರೆ ತಿಂಗಳಾಗಿದ್ದ ಭಾರತವೂ ಅವುಗಳಲ್ಲಿ ಒಂದು. ಮುಂದೆ 1986ರಿಂದ ನಡೆದ ಉರುಗ್ವೆ ಸುತ್ತಿನ ಮಾತುಕತೆಗಳ ಫಲವಾಗಿ 1994ರ ಏಪ್ರಿಲ್ 15ರಂದು ಮರಾಕೇಶ್ ಒಪ್ಪಂದವಾಯಿತು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಘಟನೆ ಅಸ್ತಿತ್ವಕ್ಕೆ ಬಂದಿತು.

ಈ ವ್ಯವಸ್ಥೆಯ ತಳಹದಿ ಮೂರು ತತ್ತ್ವಗಳು. ಒಂದು, ಒಂದು ಸದಸ್ಯ ದೇಶಕ್ಕೆ ಕೊಟ್ಟ ಸೌಲಭ್ಯವನ್ನು ಎಲ್ಲ ಸದಸ್ಯರಿಗೂ ಕೊಡಬೇಕು. ಇದೇ ಪತ್ರಿಕೆಗಳು ಪರಮಾಪ್ತ ರಾಷ್ಟ್ರ ಎಂದು ಕರೆಯುವ ಸ್ಥಾನಮಾನ. ಎರಡು, ಸುಂಕ ತೆತ್ತು ಒಳಬಂದ ವಿದೇಶಿ ಸರಕನ್ನು ಆಂತರಿಕ ತೆರಿಗೆ ಮತ್ತು ನಿಯಮಗಳ ವಿಷಯದಲ್ಲಿ ಸ್ವದೇಶಿ ಸರಕಿನಂತೆಯೇ ಕಾಣಬೇಕು. ಮೂರು, ಪ್ರತಿಯೊಂದು ದೇಶವೂ ತಾನು ಮೀರಲಾರದ ಸುಂಕದ ಗರಿಷ್ಠ ಮಿತಿಯನ್ನು ಬರೆದುಕೊಡಬೇಕು. ಬೌಂಡ್ ರೇಟ್ ಎಂದು ಕರೆಯಲಾಗುವ ಈ ಬದ್ಧ ದರವೇ ವರ್ತಕರಿಗೆ ಮುಖ್ಯವಾದದ್ದು.

ಖಾದ್ಯ ತೈಲದ ಉದಾಹರಣೆ ನೋಡಿ. ಪಾಮ್ ಎಣ್ಣೆಗೆ ಭಾರತ ಬರೆದುಕೊಟ್ಟ ಬದ್ಧ ದರ ಶೇ. 300, ಸೋಯಾ ಎಣ್ಣೆಗೆ ಶೇ. 45 ಮಾತ್ರ. ಆದುದರಿಂದ ಎಣ್ಣೆಕಾಳು ಬೆಳೆಗಾರರ ಒತ್ತಡ ಎಷ್ಟೇ ಇದ್ದರೂ, ಸೋಯಾ ಎಣ್ಣೆಯ ಮೂಲ ಸುಂಕವನ್ನು ಶೇ. 45ರಾಚೆಗೆ ಒಯ್ಯಬೇಕಾದರೆ ಸರ್ಕಾರ ತನ್ನ ವಾಗ್ದಾನವನ್ನೇ ಮುರಿಯಬೇಕಾಗುತ್ತದೆ. ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವರು ಘೋಷಿಸುವ ದರ ಈ ಗೋಡೆಯೊಳಗಿನ ಚಲನೆ ಮಾತ್ರ. ಗೋಡೆಯ ಎತ್ತರ ಜಿನೀವಾದಲ್ಲಿ ನಿರ್ಧಾರವಾಗಿರುತ್ತದೆ.

ಒಪ್ಪಂದವು ಕಾನೂನಾಗುವ ಬಗೆ

ಒಪ್ಪಂದಗಳಿಗೆ ಸಹಿ ಹಾಕುವುದು ಕೇಂದ್ರ ಸರ್ಕಾರದ ಕಾರ್ಯಾಂಗದ ಅಧಿಕಾರ. ಅವುಗಳ ಜಾರಿಗಾಗಿ, ರಾಜ್ಯಪಟ್ಟಿಯ ವಿಷಯವಾಗಿದ್ದರೂ ಸಹ, ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 253ನೇ ವಿಧಿ ಸಂಸತ್ತಿಗೆ ನೀಡಿದೆ. ಸಹಿಗೆ ಮುನ್ನ ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ. ಹೀಗಾಗಿ ಚರ್ಚೆ ಸಂಸತ್ತಿಗೆ ಬರುವ ಹೊತ್ತಿಗೆ ಮುಖ್ಯ ನಿರ್ಧಾರ ಆಗಿಹೋಗಿರುತ್ತದೆ. ಔಷಧಗಳಿಗೆ ಉತ್ಪನ್ನ ಪೇಟೆಂಟ್ ನೀಡಿದ 2005ರ ಪೇಟೆಂಟ್ ತಿದ್ದುಪಡಿ, ಮೈಸೂರು ರೇಷ್ಮೆಗೂ ಚನ್ನಪಟ್ಟಣದ ಆಟಿಕೆಗೂ ಭೌಗೋಳಿಕ ಗುರುತಿನ ರಕ್ಷಣೆ ಒದಗಿಸಿದ 1999ರ ಕಾಯಿದೆ - ಇವೆರಡರ ಹಿಂದೆಯೂ ಇರುವುದು ಮರಾಕೇಶ್ ಒಪ್ಪಂದದ ಟ್ರಿಪ್ಸ್ ಅಧ್ಯಾಯವೇ. ಒಂದೇ ಕರಾರು ಒಂದು ಉದ್ದಿಮೆಯ ಕೈ ಕಟ್ಟಿತು, ಇನ್ನೊಂದಕ್ಕೆ ಆಯುಧ ಕೊಟ್ಟಿತು.

1991ರ ಡಿಸೆಂಬರ್‌ನಲ್ಲಿ ಈ ಒಪ್ಪಂದದ ಕರಡು ಹೊರಬಂದಾಗ ಕರ್ನಾಟಕದಲ್ಲಿ ಅದನ್ನು ಬೀದಿಯ ಚರ್ಚೆಯಾಗಿಸಿದ್ದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ. ಡಂಕೆಲ್ ಎಂಬ ಹೆಸರು ಹಳ್ಳಿಹಳ್ಳಿಗೂ ತಲುಪಿತು. ರೈತರ ತೀರ್ಮಾನಗಳನ್ನು ಒಪ್ಪುವುದು ಬಿಡುವುದು ಬೇರೆ. ತಮ್ಮ ಬದುಕಿಗೆ ಸಂಬಂಧಿಸಿದ ಕರಡನ್ನು ಸಹಿಗೆ ಮುಂಚೆಯೇ ಚರ್ಚಿಸಬೇಕೆಂಬ ಅವರ ಪದ್ಧತಿ ಉದ್ಯಮಿಗಳಿಗೆ ಮಾದರಿ.

ಮೊದಲನೆಯ ಪಾಠ: ಪ್ರಮಾಣ ನಿರ್ಬಂಧಗಳ ತೆರವು

ವಿದೇಶಿ ವಿನಿಮಯದ ಕೊರತೆಯಿರುವ ಅಭಿವೃದ್ಧಿಶೀಲ ದೇಶವು ಆಮದಿನ ಪ್ರಮಾಣವನ್ನು ನಿರ್ಬಂಧಿಸಬಹುದೆಂದು ಗ್ಯಾಟ್‌ನ 18ನೇ ವಿಧಿ ಹೇಳುತ್ತದೆ. ಭಾರತವು ದಶಕಗಳ ಕಾಲ ಇದೇ ವಿಧಿಯ ನೆರಳಿನಲ್ಲಿ ಸಾವಿರಾರು ಗ್ರಾಹಕ ವಸ್ತುಗಳ ಆಮದನ್ನು ತಡೆದಿತ್ತು. 1991ರಲ್ಲಿ ಚಿನ್ನ ಒತ್ತೆಯಿಟ್ಟ ದೇಶಕ್ಕೆ ಈ ವಾದ ಸಹಜವಾಗಿಯೇ ಇತ್ತು. ಆದರೆ ವಿನಿಮಯ ಸಂಗ್ರಹ ಬೆಳೆದಂತೆ ವಾದ ಸಡಿಲವಾಯಿತು. 1997ರಲ್ಲಿ ಅಮೆರಿಕ ದೂರು ಸಲ್ಲಿಸಿತು. ಭಾರತದ ಸಂಗ್ರಹ ಸಾಕಷ್ಟಿದೆಯೆಂದು ಹಣಕಾಸು ನಿಧಿ ಅಭಿಪ್ರಾಯ ನೀಡಿತು. 1999ರ ಆಗಸ್ಟ್‌ನಲ್ಲಿ ಮೇಲ್ಮನವಿ ಮಂಡಳಿಯೂ ಭಾರತದ ವಿರುದ್ಧ ತೀರ್ಪಿತ್ತಿತು. 2000ದ ಏಪ್ರಿಲ್ 1ರಂದು 714 ವಸ್ತುಗಳ ಮೇಲಿನ, 2001ರ ಏಪ್ರಿಲ್ 1ರಂದು ಉಳಿದ 715 ವಸ್ತುಗಳ ಮೇಲಿನ ನಿರ್ಬಂಧ ತೆರವಾಯಿತು.

ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಸಣ್ಣ ಉದ್ಯಮಗಳಿಗೆ. ಅವುಗಳಿಗೆಂದು ಮೀಸಲಾಗಿದ್ದ ವಸ್ತುಗಳನ್ನು ಭಾರತದ ದೊಡ್ಡ ಕಂಪನಿ ತಯಾರಿಸುವಂತಿರಲಿಲ್ಲ. ಆದರೆ ವಿದೇಶದ ದೊಡ್ಡ ಕಂಪನಿ ತಯಾರಿಸಿದ ಅದೇ ವಸ್ತು ಸುಂಕ ತೆತ್ತು ಒಳಬರಬಹುದಾಗಿತ್ತು. ಮೀಸಲಾತಿಗೆ ಅರ್ಥವೇ ಉಳಿಯಲಿಲ್ಲ. ಪಟ್ಟಿ ಕ್ರಮೇಣ ಕರಗಿ, 2015ರ ಏಪ್ರಿಲ್‌ನಲ್ಲಿ ಕೊನೆಯ 20 ವಸ್ತುಗಳೂ ಅದರಿಂದ ಹೊರಬಂದವು. ಮರಾಕೇಶ್ ಸಹಿಯಿಂದ ನಿರ್ಬಂಧ ತೆರವಿನವರೆಗೆ ಏಳು ವರ್ಷ, ಮೀಸಲಾತಿಯ ಅಂತ್ಯದವರೆಗೆ ಇಪ್ಪತ್ತೊಂದು ವರ್ಷ. ಅಚ್ಚು, ಯಂತ್ರ, ಗುಣಮಟ್ಟಗಳನ್ನು ಸುಧಾರಿಸಿಕೊಳ್ಳಲು ಇದು ಕಡಿಮೆ ಅವಧಿಯೇನಲ್ಲ.

ಎರಡನೆಯ ಪಾಠ: ಜವಳಿ ಕೋಟಾದ ಅಂತ್ಯ

ಶ್ರೀಮಂತ ದೇಶಗಳು 1974ರಿಂದ ಬಹುನೂಲು ಒಪ್ಪಂದದಡಿ ನಮ್ಮಂಥ ದೇಶಗಳ ಬಟ್ಟೆ ಮತ್ತು ಸಿದ್ಧ ಉಡುಪುಗಳಿಗೆ ಕೋಟಾ ಗೊತ್ತುಪಡಿಸಿದ್ದವು. 1995ರ ಜವಳಿ ಒಪ್ಪಂದ ಇದನ್ನು ಹತ್ತು ವರ್ಷಗಳಲ್ಲಿ ತೆಗೆಯಲು ವೇಳಾಪಟ್ಟಿ ನೀಡಿತು. 1995ರಲ್ಲಿ ಶೇ. 16, 1998ರಲ್ಲಿ ಶೇ. 17, 2002ರಲ್ಲಿ ಶೇ. 18, ಉಳಿದ ಶೇ. 49 ಒಮ್ಮೆಲೇ 2005ರ ಜನವರಿ 1ರಂದು. ಆಮದು ದೇಶಗಳು ತಮಗೆ ನೋವಾಗದ ವಸ್ತುಗಳನ್ನು ಮೊದಲು ಬಿಡುಗಡೆ ಮಾಡಿ, ಮುಖ್ಯ ಉಡುಪುಗಳನ್ನು ಕೊನೆಯ ದಿನದವರೆಗೂ ಹಿಡಿದಿಟ್ಟುಕೊಂಡವು. ವೇಳಾಪಟ್ಟಿಯ ಶೇಕಡಾವಾರನ್ನಷ್ಟೇ ಓದಿದವರಿಗೆ ಅರ್ಧಭಾಗ ತೆರವಾಗಿದೆಯೆಂದು ಕಂಡಿತು. ವಸ್ತುಗಳ ಹೆಸರನ್ನೂ ಓದಿದವರಿಗೆ ನಿಜವಾದ ಸ್ಪರ್ಧೆ 2005ರಲ್ಲಿ ಆರಂಭವಾಗುವುದೆಂದು ತಿಳಿಯಿತು. ಕೋಟಾ ಇದ್ದಾಗ ಪ್ರತಿಯೊಂದು ದೇಶಕ್ಕೂ ಒಂದಿಷ್ಟು ಪಾಲು ಖಚಿತವಾಗಿತ್ತು. ಅದು ಹೋದ ಮೇಲೆ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯು ಬೆಲೆ ಮತ್ತು ಪೂರೈಕೆಯ ವೇಗದಲ್ಲಿ ನೇರವಾಗಿ ಚೀನಾ, ಬಾಂಗ್ಲಾದೇಶಗಳ ಎದುರು ನಿಲ್ಲಬೇಕಾಯಿತು. ಒಪ್ಪಂದವನ್ನು ಓದುವಾಗ ಮುಖಪುಟಕ್ಕಿಂತ ಅನುಬಂಧವೇ ಮುಖ್ಯವೆಂಬುದಕ್ಕೆ ಇದು ನಿದರ್ಶನ.

ಮೂರನೆಯ ಪಾಠ: ರಫ್ತು ಪ್ರೋತ್ಸಾಹಧನ

2015ರ ವಿದೇಶಿ ವ್ಯಾಪಾರ ನೀತಿಯಲ್ಲಿ ಆರಂಭವಾದ ಎಂಇಐಎಸ್ ಯೋಜನೆ ಬಹಳಷ್ಟು ಸಣ್ಣ ರಫ್ತುದಾರರ ಲಾಭದ ಮುಖ್ಯ ಭಾಗವಾಗಿತ್ತು. 2020ರ ಡಿಸೆಂಬರ್ 31ಕ್ಕೆ ಅದು ಕೊನೆಗೊಂಡಿತು. ಕಾರಣ 1995ರ ಸಬ್ಸಿಡಿ ಒಪ್ಪಂದದಲ್ಲೇ ಇತ್ತು. ರಫ್ತಿನ ಷರತ್ತಿಗೆ ಒಳಪಟ್ಟ ಸಹಾಯಧನ ಆ ಒಪ್ಪಂದದ 3ನೇ ವಿಧಿಯ ಪ್ರಕಾರ ನಿಷಿದ್ಧ. ಭಾರತವೂ ಸೇರಿದಂತೆ ಕೆಲವು ದೇಶಗಳಿಗೆ ಏಳನೇ ಅನುಬಂಧದಡಿ ವಿನಾಯಿತಿ ಇತ್ತು: ತಲಾ ರಾಷ್ಟ್ರೀಯ ವರಮಾನವು 1990ರ ಬೆಲೆಮಟ್ಟದಲ್ಲಿ ಸತತ ಮೂರು ವರ್ಷ 1,000 ಡಾಲರ್ ಮುಟ್ಟುವವರೆಗೆ. 2013ರಿಂದ 2015ರ ಅವಧಿಯಲ್ಲಿ ಭಾರತ ಆ ಗೆರೆ ದಾಟಿತೆಂದು 2017ರಲ್ಲಿ ಲೆಕ್ಕ ಹೊರಬಿತ್ತು. 2018ರ ಮಾರ್ಚ್‌ನಲ್ಲಿ ಅಮೆರಿಕ ದೂರಿತು. 2019ರ ಅಕ್ಟೋಬರ್ 31ರಂದು ತೀರ್ಪು ಬಹುಪಾಲು ಭಾರತದ ವಿರುದ್ಧವಾಯಿತು. ಭಾರತ ಮೇಲ್ಮನವಿ ಸಲ್ಲಿಸಿತು; ಆದರೆ ಸದಸ್ಯರ ನೇಮಕಾತಿಗೆ ಅಮೆರಿಕ ಒಪ್ಪದ ಕಾರಣ ಆ ಡಿಸೆಂಬರ್‌ನಲ್ಲಿ ಮೇಲ್ಮನವಿ ಮಂಡಳಿಯೇ ಕೆಲಸ ನಿಲ್ಲಿಸಿತು.

ಮೇಲ್ಮನವಿ ಬಾಕಿಯಿದ್ದರೂ ಸರ್ಕಾರ ನೀತಿ ಬದಲಿಸಿ, 2021ರ ಜನವರಿ 1ರಿಂದ ರೋಡ್‌ಟೆಪ್ ಯೋಜನೆ ತಂದಿತು. ಇದರ ತರ್ಕ ಬೇರೆ. ರಫ್ತಿನ ಸರಕಿನಲ್ಲಿ ಅಡಗಿರುವ, ಬೇರೆ ದಾರಿಯಲ್ಲಿ ಮರಳಿ ಸಿಗದ ಇಂಧನ ತೆರಿಗೆ, ವಿದ್ಯುತ್ ಸುಂಕ, ಮಾರುಕಟ್ಟೆ ಶುಲ್ಕ ಮುಂತಾದವನ್ನು ಹಿಂದಿರುಗಿಸುವುದು ಸಬ್ಸಿಡಿಯಲ್ಲವೆಂದು ಒಪ್ಪಂದವೇ ಹೇಳುತ್ತದೆ. ತೆತ್ತದ್ದಕ್ಕಿಂತ ಹೆಚ್ಚು ಹಿಂದಿರುಗಿಸಬಾರದು, ಅಷ್ಟೆ. ಆದಕಾರಣವೇ ಇಂದು ರಫ್ತುದಾರನು ತೆರಿಗೆಯ ಹೊರೆಯನ್ನು ದಾಖಲೆಗಳಿಂದ ತೋರಿಸಲು ಸಿದ್ಧನಿರಬೇಕು. ಎಂಇಐಎಸ್ ಪ್ರೋತ್ಸಾಹಧನವನ್ನು ಮಾರಾಟದ ಬೆಲೆಯೊಳಗೇ ಸೇರಿಸಿ ವಿದೇಶಿ ಖರೀದಿದಾರನಿಗೆ ಬಿಟ್ಟುಕೊಟ್ಟಿದ್ದವರು ಯೋಜನೆ ನಿಂತಾಗ ಬೆಲೆಯನ್ನು ಮತ್ತೆ ಏರಿಸಲು ಕಷ್ಟಪಟ್ಟರು.

ಯುದ್ಧದ ಬಾಗಿಲು

ಇಷ್ಟರವರೆಗಿನದು ನಿಧಾನವಾಗಿ ಬರುವ ಬದಲಾವಣೆಯ ಕಥೆ. ಗ್ಯಾಟ್‌ನ 21ನೇ ವಿಧಿ ಇನ್ನೊಂದು ಬಾಗಿಲನ್ನು ತೆರೆದಿಟ್ಟಿದೆ. ಯುದ್ಧ ಅಥವಾ ಅಂತಾರಾಷ್ಟ್ರೀಯ ಸಂಬಂಧಗಳ ತುರ್ತು ಸ್ಥಿತಿಯಲ್ಲಿ, ತನ್ನ ಭದ್ರತೆಗಾಗಿ ಯಾವುದೇ ದೇಶವು ತನ್ನ ವಾಗ್ದಾನಗಳಿಂದ ಹೊರಬರಬಹುದು. ಈ ವಿಧಿಯ ಮೇಲೆ ಮೊದಲ ತೀರ್ಪು ಬಂದದ್ದು 2019ರ ಏಪ್ರಿಲ್‌ನಲ್ಲಿ, ರಷ್ಯಾ ಮತ್ತು ಉಕ್ರೇನ್ ನಡುವಣ ಸಾಗಣೆ ವಿವಾದದಲ್ಲಿ.

ನಮ್ಮದೇ ಉದಾಹರಣೆಯಿದೆ. ಪಾಕಿಸ್ತಾನಕ್ಕೆ ಭಾರತ 1996ರಲ್ಲಿ ಪರಮಾಪ್ತ ರಾಷ್ಟ್ರದ ಸ್ಥಾನ ನೀಡಿತ್ತು. 2019ರ ಫೆಬ್ರವರಿ 14ರಂದು ಪುಲ್ವಾಮಾ ದಾಳಿ ನಡೆಯಿತು. ಮರುದಿನ ಆ ಸ್ಥಾನ ರದ್ದಾಯಿತು. 16ರಂದು ಪಾಕಿಸ್ತಾನದ ಎಲ್ಲ ಸರಕಿನ ಮೇಲೆ ಶೇ. 200 ಸುಂಕ ಬಿದ್ದಿತು. ಎರಡು ದಿನಗಳಲ್ಲಿ ಇಪ್ಪತ್ತಮೂರು ವರ್ಷಗಳ ವ್ಯವಸ್ಥೆ ಮುಗಿಯಿತು. ಆ ಅಧಿಸೂಚನೆ ಇ-ಗೆಜೆಟ್‌ನಲ್ಲಿ ಪ್ರಕಟವಾದದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಅಟ್ಟಾರಿ ಗಡಿಯಲ್ಲಿ ಅದೇ ದಿನ ಅದಕ್ಕೂ ಮುಂಚೆ ಬಿಲ್ ಆಫ್ ಎಂಟ್ರಿ ಸಲ್ಲಿಸಿದ್ದ ಆಮದುದಾರರಿಗೂ ಹೊಸ ಸುಂಕ ಕೇಳಲಾಯಿತು. 2020ರ ಸೆಪ್ಟೆಂಬರ್ 23ರಂದು ಜಿ.ಎಸ್. ಚಾತಾ ರೈಸ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಕಟಣೆಯ ಆ ಕ್ಷಣಕ್ಕಿಂತ ಮುಂಚೆ ಸಲ್ಲಿಕೆಯಾದವುಗಳಿಗೆ ಹೊಸ ದರ ಅನ್ವಯಿಸದೆಂದು ತೀರ್ಪಿತ್ತಿತು. ಅವರನ್ನು ಉಳಿಸಿದ್ದು ದಾಖಲೆಯ ಮೇಲಿದ್ದ ಸಮಯದ ಮುದ್ರೆ. ಮುಂದೆ 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ, ಮೇ 2ರಂದು ಪಾಕಿಸ್ತಾನದಿಂದ ಆಮದನ್ನೇ ಸಂಪೂರ್ಣವಾಗಿ ನಿಷೇಧಿಸಲಾಯಿತು.

ಯುದ್ಧದ ನಡುವೆಯೂ ಒಪ್ಪಂದ ವ್ಯಾಪಾರವನ್ನು ನಡೆಸಬಲ್ಲದು. 2022ರ ಜುಲೈ 22ರಂದು ಇಸ್ತಾಂಬುಲ್‌ನಲ್ಲಿ ವಿಶ್ವಸಂಸ್ಥೆ ಮತ್ತು ಟರ್ಕಿಯ ಮಧ್ಯಸ್ಥಿಕೆಯಲ್ಲಿ ಆದ ಕಪ್ಪು ಸಮುದ್ರದ ಧಾನ್ಯ ಒಪ್ಪಂದದಿಂದ ಉಕ್ರೇನಿನ ಬಂದರುಗಳಿಂದ ಸುಮಾರು 3.3 ಕೋಟಿ ಟನ್ ಧಾನ್ಯ ಮತ್ತು ಆಹಾರ ಪದಾರ್ಥ ಹೊರಟಿತು. ನಾವು ಸೂರ್ಯಕಾಂತಿ ಎಣ್ಣೆಗೆ ಮುಖ್ಯವಾಗಿ ಅವಲಂಬಿಸಿದ್ದ ಪ್ರದೇಶವೂ ಅದೇ. ಅವಧಿ ನವೀಕರಿಸುತ್ತಾ ಸಾಗಿದ ಆ ಒಪ್ಪಂದ, ರಷ್ಯಾ ಹಿಂದೆ ಸರಿದ ಕಾರಣ 2023ರ ಜುಲೈ 17ರಂದು ಮುಗಿಯಿತು. ನವೀಕರಣದ ದಿನಾಂಕಗಳು ಮೊದಲೇ ತಿಳಿದಿದ್ದವು. ಎಚ್ಚರವಿದ್ದ ಎಣ್ಣೆ ವ್ಯಾಪಾರಿ ತನ್ನ ದಾಸ್ತಾನನ್ನು ಆ ದಿನಾಂಕಗಳಿಗೆ ಹೊಂದಿಸಿಕೊಳ್ಳಬಹುದಾಗಿತ್ತು.

ಬಲಿಷ್ಠರು ಕರಾರನ್ನು ಬದಿಗೊತ್ತಿದ ಪ್ರಸಂಗವನ್ನೂ ಮರೆಯಬಾರದು. 2025ರ ಆಗಸ್ಟ್ 7ರಿಂದ ಅಮೆರಿಕವು ಭಾರತದ ಹಲವು ಸರಕುಗಳ ಮೇಲೆ ಶೇ. 25ರ ಹೆಚ್ಚುವರಿ ಸುಂಕ ಹಾಕಿತು. ಭಾರತ ರಷ್ಯಾದ ತೈಲ ಕೊಳ್ಳುತ್ತಿದೆಯೆಂಬ ಕಾರಣ ನೀಡಿ ಆಗಸ್ಟ್ 27ರಿಂದ ಮತ್ತೆ ಶೇ. 25 ಸೇರಿಸಿತು. ಎಲ್ಲೋ ನಡೆದ ಯುದ್ಧ ನಮ್ಮ ಉಡುಪು ಮತ್ತು ಸಮುದ್ರೋತ್ಪನ್ನದ ಬಿಲ್ಲಿಗೆ ಬಂದು ಕುಳಿತಿತು. ಮೇಲ್ಮನವಿ ಮಂಡಳಿ ನಿಷ್ಕ್ರಿಯವಾಗಿರುವಾಗ ಇಂಥ ಕ್ರಮಕ್ಕೆ ಜಿನೀವಾದಲ್ಲಿ ಶೀಘ್ರ ಪರಿಹಾರ ನಿರೀಕ್ಷಿಸುವಂತಿರಲಿಲ್ಲ.

ಪ್ರಾದೇಶಿಕ ಒಪ್ಪಂದ ಮತ್ತು ಮೂಲದ ಪ್ರಶ್ನೆ

ವಿಶ್ವ ವ್ಯಾಪಾರ ಸಂಘಟನೆಯ ಮಾತುಕತೆ ನಿಧಾನವಾದಂತೆ ದೇಶಗಳು ತಮ್ಮ ತಮ್ಮೊಳಗೆ ಮುಕ್ತ ವ್ಯಾಪಾರ ಒಪ್ಪಂದಗಳತ್ತ ಹೊರಳಿವೆ. ಇಲ್ಲಿ ತಿರುಳು ಇರುವುದು ಮೂಲದ ನಿಯಮದಲ್ಲಿ, ಅಂದರೆ ಸರಕು ನಿಜವಾಗಿ ಯಾವ ದೇಶದ್ದು ಎಂಬ ನಿಷ್ಕರ್ಷೆಯಲ್ಲಿ. 2000ದ ಮಾರ್ಚ್ 1ರಿಂದ ಜಾರಿಯಲ್ಲಿರುವ ಭಾರತ-ಶ್ರೀಲಂಕಾ ಒಪ್ಪಂದದ ಲಾಭ ಪಡೆದು, ವಿಯೆಟ್ನಾಮಿನ ಕರಿಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆಯೆಂದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ದೂರಿದರು. ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಪಡಿಸಿತು. ಮುಂದೆ 2020ರ ಹಣಕಾಸು ಕಾಯಿದೆಯು ಕಸ್ಟಮ್ಸ್ ಕಾಯಿದೆಗೆ 28ಡಿಎ ಕಲಮನ್ನು ಸೇರಿಸಿ, ಮೂಲವನ್ನು ಸಮರ್ಥಿಸುವ ಹೊಣೆಯನ್ನು ಆಮದುದಾರನ ಮೇಲೆಯೇ ಹೊರಿಸಿತು. ಅದರಡಿಯ ನಿಯಮಗಳು 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದಿವೆ. ವಿದೇಶಿ ಅಧಿಕಾರಿ ಕೊಟ್ಟ ಪ್ರಮಾಣಪತ್ರವಿದೆಯೆಂಬ ಒಂದೇ ಸಮರ್ಥನೆ ಈಗ ಸಾಲದು.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

1. ತಮ್ಮ ಮುಖ್ಯ ಉತ್ಪನ್ನ ಮತ್ತು ಕಚ್ಚಾ ಸಾಮಗ್ರಿಗಳ ಎಂಟಂಕಿಯ ಎಚ್.ಎಸ್. ಸಂಕೇತವನ್ನು ಖಚಿತಪಡಿಸಿಕೊಂಡು, ಪ್ರತಿಯೊಂದರ ಎದುರು ಜಾರಿಯಲ್ಲಿರುವ ಸುಂಕ, ಬದ್ಧ ದರ ಹಾಗೂ ಮುಕ್ತ ವ್ಯಾಪಾರ ಒಪ್ಪಂದಗಳ ರಿಯಾಯಿತಿ ದರಗಳನ್ನು ಬರೆದಿಡಬೇಕು.

2. ಯುಎಇ ಒಪ್ಪಂದ 2022ರ ಮೇ 1ರಿಂದ, ಆಸ್ಟ್ರೇಲಿಯಾದ್ದು 2022ರ ಡಿಸೆಂಬರ್ 29ರಿಂದ, ಸ್ವಿಟ್ಜರ್‌ಲೆಂಡ್, ನಾರ್ವೆ ಮೊದಲಾದ ನಾಲ್ಕು ದೇಶಗಳ ಇಎಫ್‌ಟಿಎ ಕೂಟದ್ದು 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಬ್ರಿಟನ್ ಜತೆಗಿನದಕ್ಕೆ 2025ರ ಜುಲೈ 24ರಂದು ಸಹಿಯಾಯಿತು. ಇವುಗಳ ಅನುಬಂಧದಲ್ಲಿ ತಮ್ಮ ವಸ್ತುವಿನ ಸುಂಕ ಯಾವ ವರ್ಷ ಎಷ್ಟಕ್ಕೆ ಇಳಿಯುತ್ತದೆಂದು ನೋಡಿ, ಯಂತ್ರಕ್ಕೆ ಪಡೆದ ಬ್ಯಾಂಕ್ ಸಾಲದ ಅವಧಿಯೊಡನೆ ಹೋಲಿಸಬೇಕು. ಏಳು ವರ್ಷದ ಸಾಲಕ್ಕೆ ಸಹಿ ಹಾಕಿ, ಐದನೇ ವರ್ಷದಲ್ಲಿ ಪ್ರತಿಸ್ಪರ್ಧಿಯ ಸರಕು ಸುಂಕರಹಿತವಾಗುವುದಾದರೆ, ಕೊನೆಯ ಎರಡು ವರ್ಷಗಳ ಕಂತು ಎಲ್ಲಿಂದ ಬರಬೇಕೆಂಬುದನ್ನು ಇಂದೇ ಯೋಚಿಸಬೇಕು.

3. ಸರ್ಕಾರದ ಯಾವುದೇ ಪ್ರೋತ್ಸಾಹಧನವನ್ನು ಉತ್ಪಾದನಾ ವೆಚ್ಚದ ಲೆಕ್ಕದಿಂದ ಹೊರಗಿಟ್ಟು ಬೆಲೆ ನಿಗದಿ ಮಾಡಬೇಕು. ಅದಿಲ್ಲದೆಯೂ ವ್ಯವಹಾರ ನಿಲ್ಲುವುದೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು.

4. ಖರೀದಿ ಮತ್ತು ಮಾರಾಟದ ಕರಾರಿನಲ್ಲಿ, ಸುಂಕ ಬದಲಾದರೆ ಹೊರೆ ಯಾರದೆಂಬ ಷರತ್ತು ಇರಬೇಕು. ಸಾಮಾನ್ಯ ಸಾಗರ ವಿಮೆಯಲ್ಲಿ ಯುದ್ಧದ ಅಪಾಯ ಒಳಗೊಂಡಿರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಪಡೆಯಬೇಕು. ದಾಖಲೆ ಸಲ್ಲಿಕೆಯ ದಿನಾಂಕದ ಜತೆಗೆ ಸಮಯದ ಪುರಾವೆಯನ್ನೂ ಉಳಿಸಿಕೊಳ್ಳಬೇಕು.

5. ರಿಯಾಯಿತಿ ದರದಲ್ಲಿ ಆಮದು ಮಾಡುವವರು ಮೂಲಕ್ಕೆ ಸಂಬಂಧಿಸಿದ ಮಾಹಿತಿಯನ್ನು ಪೂರೈಕೆದಾರನಿಂದ ಮುಂಚಿತವಾಗಿ ಪಡೆದು, ಬಿಲ್ ಆಫ್ ಎಂಟ್ರಿಯ ದಿನದಿಂದ ಐದು ವರ್ಷ ಕಾಪಾಡಬೇಕು.

6. ಅತಿ ಅಗ್ಗದ ಆಮದಿನಿಂದ ಹಾನಿಯಾದಾಗ ಆ್ಯಂಟಿ ಡಂಪಿಂಗ್ ಸುಂಕ ಕೇಳುವ ಹಕ್ಕು ಒಪ್ಪಂದದಲ್ಲೇ ಇದೆ. ಆದರೆ ಅರ್ಜಿಯನ್ನು ಬೆಂಬಲಿಸುವವರು ದೇಶದ ಒಟ್ಟು ಉತ್ಪಾದನೆಯ ಶೇ. 25ರಷ್ಟನ್ನಾದರೂ ಪ್ರತಿನಿಧಿಸಬೇಕು, ಹಾನಿಯನ್ನು ಅಂಕಿಅಂಶಗಳಿಂದ ಸ್ಥಾಪಿಸಬೇಕು. ಚೀನಾದ ಕಚ್ಚಾ ರೇಷ್ಮೆಯ ಮೇಲೆ 2003ರಲ್ಲಿ ಇಂಥ ಸುಂಕ ಬಂದಾಗ ನಮ್ಮ ರೇಷ್ಮೆ ಬೆಳೆಗಾರರಿಗೂ ರೀಲರುಗಳಿಗೂ ಆಸರೆಯಾಯಿತು. ಅಗ್ಗದ ನೂಲು ಬಯಸುವ ನೇಕಾರರ ಹಿತ ಬೇರೆಯೇ ಆಗಿತ್ತು. ಚದುರಿಹೋಗಿರುವ ಸಣ್ಣ ಘಟಕಗಳು ಒಂಟಿಯಾಗಿ ಈ ಕೆಲಸ ಮಾಡಲಾರವು. ಉತ್ಪಾದನೆ, ಮಾರಾಟ, ದಾಸ್ತಾನು, ನಷ್ಟಗಳ ಲೆಕ್ಕವನ್ನು ಒಂದೆಡೆ ಕಲೆಹಾಕಬಲ್ಲದ್ದು ವಾಣಿಜ್ಯ ಮಂಡಳಿಯೇ.

ಉಪಸಂಹಾರ

ಒಪ್ಪಂದಗಳ ಬಗ್ಗೆ ನಮ್ಮಲ್ಲಿ ಎರಡು ಅತಿರೇಕದ ಅಭಿಪ್ರಾಯಗಳಿವೆ: ಅವು ನಮ್ಮನ್ನು ಮುಳುಗಿಸುತ್ತವೆಂಬುದು ಒಂದು, ಅವು ಶ್ರೀಮಂತಿಕೆಯ ಹೆಬ್ಬಾಗಿಲೆಂಬುದು ಇನ್ನೊಂದು. ಲೆಕ್ಕಪತ್ರ ನೋಡುವವನ ದೃಷ್ಟಿಯಲ್ಲಿ ಅವು ಷರತ್ತು, ದರ ಮತ್ತು ದಿನಾಂಕಗಳ ಪಟ್ಟಿ. ಭಾರತ 2019ರ ನವೆಂಬರ್‌ನಲ್ಲಿ ಆರ್‌ಸಿಇಪಿ ಒಪ್ಪಂದದಿಂದ ಹಿಂದೆ ಸರಿಯಿತು. ಡೈರಿ ಮತ್ತು ಸಣ್ಣ ಉದ್ಯಮ ವಲಯಗಳು ಸಹಿಗೆ ಮುಂಚೆಯೇ ತಮ್ಮ ಆತಂಕವನ್ನು ದೆಹಲಿಗೆ ಮುಟ್ಟಿಸಿದ್ದವು. ಮಾತುಕತೆ ನಡೆಯುತ್ತಿರುವಾಗ ವಾಣಿಜ್ಯ ಸಚಿವಾಲಯವು ಉದ್ಯಮ ಸಂಸ್ಥೆಗಳ ಅಭಿಪ್ರಾಯ ಕೇಳುತ್ತದೆ. ಆ ಪತ್ರಗಳಿಗೆ ಅಂಕಿಅಂಶ ಸಹಿತ ಉತ್ತರ ಕಳುಹಿಸುವವರ ವಸ್ತುಗಳು ಸೂಕ್ಷ್ಮ ಪಟ್ಟಿಗೆ ಸೇರುವ ಸಾಧ್ಯತೆ ಹೆಚ್ಚು. ಇನ್ನು ಮುಂದೆ ಮಂಡಳಿಯಿಂದ ಅಂಥ ಸುತ್ತೋಲೆ ಬಂದಾಗ ಸದಸ್ಯರು ಅದನ್ನು ಕಡತದಲ್ಲಿ ಮುಚ್ಚಿಡದೆ, ತಮ್ಮ ಘಟಕದ ಮಾಹಿತಿಯನ್ನು ವಾರದೊಳಗೆ ಒದಗಿಸಬೇಕೆಂದು ವಿನಂತಿ.